ಕೊನೆಯ ನಂಬರಿನ ಚಿಪ್

ಗೊಳಸಂಗಿಯ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಸಿಂದಗಿಯ ಸಿದ್ಧರಾಮನ ಕಂಪ್ಯೂಟರು ಕಣ್ಣು ಮುಚ್ಚಿತು. ಮದುವೆ ಎಂದೋ ಮುಗಿದಿತ್ತು; ಇವನು ಕೂಡಿಸುತ್ತಿದ್ದದ್ದು ಅದರ ವಿಡಿಯೋ. ಮದುಮಗ ಕೈ ಎತ್ತಿ ನಿಂತಲ್ಲೇ ಪರದೆ ಕಪ್ಪಾಯಿತು. ಸಿದ್ಧರಾಮ ಹಣೆ ಬಡಿದುಕೊಂಡ.

ತಪ್ಪು ಅವನದೇ. ಕಂಪ್ಯೂಟರಿನೊಳಗೆ ಕೂತು ವಿಡಿಯೋದ ಭಾರ ಹೊರುವ ಗ್ರಾಫಿಕ್ಸ್ ಕಾರ್ಡಿಗೆ ಇಷ್ಟೇ ವೇಗ ಎಂದು ಕಂಪನಿಯವರು ಗೊತ್ತುಮಾಡಿ ಕೊಟ್ಟಿರುತ್ತಾರೆ. ಅಷ್ಟರಲ್ಲಿ ಓಡಿಸಿದರೆ ಅದು ತಕರಾರಿಲ್ಲದೆ ಓಡುತ್ತದೆ. ಆದರೆ ಕೆಲಸ ಬೇಗ ಮುಗಿಯಲೆಂದು ಅದನ್ನು ಮೀರಿ ಓಡಿಸುವ ಓವರ್‌ಕ್ಲಾಕ್ ಚಟ ನಾಲ್ಕು ಊರಿನ ನಾಲ್ಕು ಫೋಟೊ ಸ್ಟುಡಿಯೋದವರಿಗೆ ಹತ್ತಿತ್ತು. ಸಿದ್ಧರಾಮನ ಜೊತೆಗೆ ಮುದ್ದೇಬಿಹಾಳದ ಜಾಹಿದ, ಇಂಡಿ ಊರಿನ ಸೋಮನಿಂಗ, ಬಸವನಬಾಗೇವಾಡಿಯ ಅನಿಲಕುಮಾರ. ನಾಲ್ವರೂ ವಿಜಯಪುರದ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಮಾದರಿಯ ಕಾರ್ಡು ಕೊಂಡಿದ್ದರು. ಹೊರಗಿನಿಂದ ನಾಲ್ಕೂ ಒಂದೇ ರೂಪ. ಒಳಗಿನ ಚಿಪ್ ಮಾತ್ರ ಒಂದೊಂದೂ ಒಂದೊಂದು ತರಹ. ಜಾಹಿದನದು ಎಷ್ಟು ಏರಿಸಿದರೂ ತಣ್ಣಗಿರುತ್ತಿತ್ತು. ಸಿದ್ಧರಾಮನದು ಕೊಂಚ ಏರಿಸಿದರೆ ಸಾಕು, ಕಾದು ಬೀಳುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ತಂತಮ್ಮ ಕಾರ್ಡು ಮುಟ್ಟಿದ ವೇಗವನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಸಿದ್ಧರಾಮ ಯಾವಾಗಲೂ ಕೊನೆ.

ಕೊನೆ ಎಂದು ತಿಳಿದ ಕೂಡಲೇ ಫೋನು ಶುರು. ಮೊದಲು ಜಾಹಿದ, ಅವನು ಇಟ್ಟಮೇಲೆ ಸೋಮನಿಂಗ, ಆಮೇಲೆ ಅನಿಲಕುಮಾರ. ಧೂಳು ಊದು, ಪೆಟ್ಟಿಗೆ ಬಿಚ್ಚಿಡು ಎಂದು ಬುದ್ಧಿ ಹೇಳುವರು, ನಡುವೆ ಊಟ ಆಯಿತೇ ಎಂದು ಕೇಳುವರು, ನಗುವರು. ಊರವರ ಮದುವೆಗಳನ್ನೆಲ್ಲ ತೆಗೆದ ಸಿದ್ಧರಾಮನಿಗೆ ತನ್ನದೊಂದು ಆಗಿರಲಿಲ್ಲ. ಸ್ಟುಡಿಯೋದ ಹಿಂದಿನ ಕೋಣೆಯೇ ಅವನ ಮನೆ. ಗಿರಾಕಿಗಳು ಬಿಟ್ಟರೆ ಅವನ ಹೆಸರು ಹಿಡಿದು ಕರೆಯುವವರು ಕಡಿಮೆ. ಆದರೂ ಈ ಪುಣ್ಯಾತ್ಮನಿಗೆ ಆ ಫೋನುಗಳು ಅವಮಾನವೆನಿಸುತ್ತಿದ್ದವು. ಒಂದು ಸಲ ಮೊದಲನೆಯವನಾದರೆ ಇವರೆಲ್ಲ ಕನಿಕರ ಬಿಟ್ಟು ಗೌರವದಿಂದ ಮಾತಾಡಿಸುತ್ತಾರೆ ಎಂದು ಅವನ ಲೆಕ್ಕ.

ಇವತ್ತು ಫ್ಯಾನು ಅರಚಿ ನಿಂತದ್ದು ಪಕ್ಕದ ಚಂದವ್ವನಿಗೂ ಕೇಳಿಸಿತು. ಅವಳು ರೊಟ್ಟಿ ಬಡಿದು ಮಾರುವವಳು. ಇವನ ಯಂತ್ರ ಬಿದ್ದಾಗಲೆಲ್ಲ ಹಿಟ್ಟಿನ ಕೈಯಲ್ಲೇ ಬಂದು ವಿಚಾರಿಸುವುದು ಅವಳ ರೂಢಿ. ಸಿದ್ಧರಾಮ ಬೇಸರದಿಂದ ಚಿಪ್ಪಿನ ಸಂಗತಿ ವಿವರಿಸಿದ. ಅವಳಿಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ.

"ಒಂದ ಹಿಟ್ಟು, ಒಂದ ಹಂಚು, ಒಂದ ಕೈ. ಆದ್ರೂ ಒಂದು ರೊಟ್ಟಿ ಉಬ್ಬತೈತಿ, ಒಂದು ಹಂಗ ಮಲಗತೈತಿ. ನಿಂದು ಮಲಗೂ ರೊಟ್ಟಿ ಬಂದೈತಿ ತಮ್ಮಾ" ಎಂದಳು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಜೊತೆಗೆ ಯಾರದೋ ಕೆಟ್ಟ ಕಣ್ಣಿನ ನೆದರೂ ತಗಲಿದೆ ಎಂದು ತೀರ್ಮಾನಿಸಿ, ಅವನು ಬೇಡ ಬೇಡ ಎನ್ನುತ್ತಿದ್ದಂತೆಯೇ ಕೆಂಡ, ಉಪ್ಪು, ಒಣಮೆಣಸಿನಕಾಯಿ ತಂದಳು. ಅವನು ಆಗಷ್ಟೇ ಕಂಪ್ಯೂಟರು ಮತ್ತೆ ಚಾಲೂ ಮಾಡಿದ್ದ. ಗಾಳಿಯಾಡಲೆಂದು ಪೆಟ್ಟಿಗೆಯ ಮಗ್ಗುಲೂ ತೆಗೆದಿತ್ತು. ಚಂದವ್ವ ನಿವಾಳಿಸಿ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಳು. ಫ್ಯಾನು ಘಾಟನ್ನೆಲ್ಲ ಒಳಗೆಳೆದು ಹಿಂದಿನಿಂದ ಬಿಟ್ಟಿತು. ಸಿದ್ಧರಾಮ ಕೆಮ್ಮುತ್ತ ಬೀದಿಗೆ ಓಡಿದ. ಪೆಟ್ಟಿಗೆಯ ಹಿಂದೆ ಹೊಗೆ ಕಂಡ ಚಂದವ್ವ ಯಂತ್ರಕ್ಕೆ ಬೆಂಕಿ ಹತ್ತಿತೆಂದು ತಂಬಿಗೆ ನೀರನ್ನು ನೇರವಾಗಿ ಕಾರ್ಡಿನ ಮೇಲೆ ಎರಚಿದಳು. ಉಳಿದದ್ದೆಲ್ಲ ಬಚಾವಾಯಿತು, ಕಾರ್ಡು ಸತ್ತಿತು.

ಅವಳ ಮೇಲೆ ಕೂಗಾಡುವಷ್ಟು ವ್ಯವಧಾನವೂ ಇರಲಿಲ್ಲ. ಕಾರ್ಡಿಗೆ ಇನ್ನೂ ಗ್ಯಾರಂಟಿ ಇತ್ತು. ಸಿದ್ಧರಾಮ ವಿಜಯಪುರದ ಬಸ್ಸು ಹತ್ತಿ, ದಾರಿಯುದ್ದಕ್ಕೂ ಅದನ್ನು ಕಿಟಕಿಗೆ ಹಿಡಿದು ಒಣಗಿಸಿದ. ಗಾಳಿಗೆ ಅದರ ಪುಟ್ಟ ಫ್ಯಾನು ತಿರುಗುವುದನ್ನು ಕಂಡ ಪಕ್ಕದ ಸೀಟಿನ ಮುದುಕ ಇದು ಎಷ್ಟು ಬ್ಯಾಟರಿ ತಿನ್ನುತ್ತದೆ ಎಂದು ಕೇಳಿದ. ಅಂಗಡಿಯಲ್ಲಿ ಸಿದ್ಧರಾಮ ಕಾರ್ಡು ತಾನಾಗಿಯೇ ನಿಂತಿತೆಂದು ಸುಳ್ಳು ಹೇಳಿದ. ಅಂಗಡಿಯವನು ಅದನ್ನು ಮೂಗಿನ ಹತ್ತಿರ ತಂದು ಸೀನಿದ, ಇವನ ಮುಖ ನೋಡಿದ, ಮತ್ತೂ ಸೀನಿದ. ವಾದ ಮಾಡಲು ಸೀನು ಬಿಡಲಿಲ್ಲವೋ ಏನೋ, ಅದೇ ಮಾದರಿಯ ಹೊಸದೊಂದನ್ನು ಕೊಟ್ಟು ಕಳಿಸಿದ.

ಸಂಜೆಗೆ ಸಿಂದಗಿ ಮುಟ್ಟಿ ಹೊಸ ಕಾರ್ಡು ಕೂಡಿಸಿ ವೇಗ ಏರಿಸಿದ. ಬೀಳಲಿಲ್ಲ. ಇನ್ನಷ್ಟು ಏರಿಸಿದ, ಫ್ಯಾನಿನ ಸದ್ದು ಕೂಡ ಇಲ್ಲ. ಅನಿಲಕುಮಾರನನ್ನು ದಾಟಿತು, ಸೋಮನಿಂಗನನ್ನು ದಾಟಿತು, ಕೊನೆಗೆ ಜಾಹಿದನನ್ನೂ ದಾಟಿತು. ಕುರುಡು ಅದೃಷ್ಟ ಈ ಸಲ ಇವನ ಕೈಗೆ ಎಂಥ ಚಿಪ್ ಹಾಕಿತ್ತೆಂದರೆ ಅವನಿಗೇ ನಾಚಿಕೆಯಾಯಿತು. ಪರದೆಯ ಫೋಟೊ ತೆಗೆದು ಗುಂಪಿಗೆ ಹಾಕಿದ. ಮೂವರಿಂದಲೂ ಮೆಚ್ಚುಗೆಯ ಹೆಬ್ಬೆರಳು ಬಂದವು. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ದೀಪ ಹಚ್ಚುವ ಹೊತ್ತು ಕಳೆಯಿತು. ಫೋನು ಬರಲಿಲ್ಲ. ಯಂತ್ರ ಸದ್ದು ಮಾಡದಿದ್ದರಿಂದ ಚಂದವ್ವನೂ ಬರಲಿಲ್ಲ. ತಾನೇ ಸೋಮನಿಂಗನಿಗೆ ಮಾಡಿದ, ಬಿಜಿ. ಅನಿಲಕುಮಾರನಿಗೆ ಮಾಡಿದ, ಅವನೂ ಬಿಜಿ. ಜಾಹಿದ ಮೂರನೆಯ ಸಲಕ್ಕೆ ಎತ್ತಿದ.

"ಭಾಳ ಚಲೋ ಆತು ಸಿದ್ದಣ್ಣ. ಈಗ ಇಡ್ತೇನಿ. ಅನಿಲಕುಮಾರಂದು ಕೊನೀಗೆ ಬಂದೈತಲ್ಲ, ಮಾರಿ ಸಣ್ಣದ ಮಾಡ್ಕೊಂಡು ಕುಂತಾನ. ನಾನೂ ಸೋಮನಿಂಗನೂ ಅವನ ಜೋಡಿ ಮಾತಾಡಾಕತ್ತೇವಿ. ನಿನಗೇನ ಬಿಡಪಾ, ಇನ್ನ ಯಾರೂ ಬೇಕಾಗಿಲ್ಲ."

ಹಿಂದೆ ಜಾಹಿದನ ಇನ್ನೊಂದು ಫೋನಿನಲ್ಲಿ ಸೋಮನಿಂಗ ನಗುತ್ತಿದ್ದ, ಊಟ ಆತೇನೋ ಎಂದು ಅನಿಲಕುಮಾರನನ್ನು ಕೇಳುತ್ತಿದ್ದ. ಫೋನು ಕಟ್ಟಾಯಿತು. ಸಿದ್ಧರಾಮ ಫೋನು ಕೆಳಗಿಟ್ಟ. ಅಷ್ಟು ದಿನ ಬೇಡವಾಗಿದ್ದ ಆ ಕನಿಕರ ಈಗ ಅನ್ನ ನೀರಿಗಿಂತ ಬೇಕೆನಿಸಿತು.

ಕಂಪ್ಯೂಟರಿನ ಮುಂದೆ ಕೂತು ವೇಗವನ್ನು ಇನ್ನೊಂದಿಷ್ಟು ಏರಿಸಿದ. ಆಮೇಲೆ ಇನ್ನೊಂದಿಷ್ಟು. ಬುದ್ಧಿ ಇದ್ದವರು ಮುಟ್ಟದ ಕಡೆಗೆಲ್ಲ ಒಯ್ದ.

"ಬೀಳಪಾ, ಒಮ್ಮೆರ ಬೀಳು" ಎಂದ.

ಕಾರ್ಡಿನ ಮೇಲೆ ಕೈಯಿಟ್ಟು ನೋಡಿದ. ತಣ್ಣಗಿತ್ತು.