ಇಟ್ಟ ಬಹುಮಾನ, ಕೊಡದ ಕಾಕಾ

ನಮ್ಮ ಕಾಕಾ ಬಹುಮಾನ ಕೊಡುವುದರಲ್ಲಿ ಎತ್ತಿದ ಕೈ ಎಂದು ಗೋಕಾಕದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಅವರು ಬಹುಮಾನ ಇಟ್ಟವರು, ಕೊಟ್ಟವರಲ್ಲ!

ಅರಳೆ ವ್ಯಾಪಾರದ ನಡುವೆಯೇ ಅವರಿಗೆ ಸಾಹಿತ್ಯಸೇವೆಯ ಹುಚ್ಚು ಹಿಡಿಯಿತು. ಬೀಸುಕಲ್ಲಿನ ಪದ ಚೆನ್ನಾಗಿ ಹಾಡುವ ಹೆಣ್ಣುಮಗಳಿಗೆ ಒಂದು ಇಳಕಲ್ ಸೀರೆ ಎಂದು ಸಾರಿದರು. ವರ್ಷಕ್ಕೊಮ್ಮೆ ಮಠದ ಅಂಗಳದಲ್ಲಿ ಸ್ಪರ್ಧೆ. ಪರೀಕ್ಷಕರು ಯಾರು? ಇನ್ಯಾರು, ಅವರೇ! ಬೀಸದೆ ಹಾಡಿದರೆ ಅದು ಬೀಸುವ ಪದವೇ ಅಲ್ಲ ಎಂಬುದು ಅವರ ಸಿದ್ಧಾಂತ. ಹೀಗಾಗಿ ಎಲ್ಲರೂ ಜೋಳ ಬೀಸುತ್ತಲೇ ಹಾಡಬೇಕು. ಕೊನೆಗೆ ಕಾಕಾ ಎದ್ದು, "ಈ ವರ್ಷ ಯೋಗ್ಯರು ಯಾರೂ ಕಾಣಲಿಲ್ಲ" ಎನ್ನುವರು. ಸೀರೆ ಟ್ರಂಕಿಗೆ ಮರಳುತ್ತಿತ್ತು. ಹಿಟ್ಟು ಮಾತ್ರ ನಮ್ಮ ಅಡುಗೆಮನೆಗೆ ಬರುತ್ತಿತ್ತು!

ಒಮ್ಮೆ ನಾಗನೂರಿನ ಹೆಣ್ಣುಮಗಳೊಬ್ಬಳು ಅಂಗಳವೆಲ್ಲ ತಲೆದೂಗುವಂತೆ ಹಾಡಿದಳು. ಕಾಕಾ ಅವಳನ್ನೂ ಬಿಡಲಿಲ್ಲ.

"ನಡುವ ನಕ್ಕಿ. ಅದು ಅಳೋ ಪದ."

"ಅತ್ತಿ ಕಾಟದ ಪದ ಐತ್ರಿ. ಆ ಅತ್ತೀನ ಇಲ್ಲಿ ಎದುರಿಗಿ ಕುಂತಾಳ. ನಗಲಾರದ ಏನ್ ಮಾಡ್ಲಿ?"

ಆಮೇಲೆ ಅವರಿಗೆ ಉಮೇದವಾರರು ಬೇಕೆನಿಸಿತು. ಪಗಾರವಿಲ್ಲದೆ ದುಡಿದು ಕೆಲಸ ಕಲಿಯುವುದು ಕಚೇರಿಗಳಲ್ಲಿ ಇದ್ದದ್ದೇ. ಅದನ್ನು ಸಾಹಿತ್ಯಕ್ಕೂ ತಂದವರು ನಮ್ಮ ಕಾಕಾ! ಹುಕ್ಕೇರಿಯ ಮಾಸ್ತರರೊಬ್ಬರು ಪಾಪ, ನಂಬಿ ಬಂದರು. ಮೂಡಲಗಿಗೆ ಹೋಗಿ, ನಸುಕಿನಲ್ಲಿ ಬೀಸುವವರ ಮನೆಯೊಂದರ ಗೋಡೆಯ ಬಾಜೂ ನಿಂತು ಪದ ಬರೆದುಕೊಳ್ಳಬೇಕೆಂದು ಅವರಿಗೆ ಅಪ್ಪಣೆಯಾಯಿತು. ಆ ಮನೆಯ ಹೆಂಗಸರು ಕಳ್ಳನೆಂದು ಹಿಡಿದರು. ವಿಷಯ ತಿಳಿದ ಮೇಲೆ, "ಪದಾ ಬೇಕಾದ್ರ ಗೂಟಾ ಹಿಡೀರಿ, ಮಾಸ್ತರ" ಎಂದು ಬೀಸುಕಲ್ಲಿನ ಮುಂದೆ ಕೂರಿಸಿದರು. ಅಂಗೈ ತುಂಬ ಬೊಬ್ಬೆ ಎದ್ದವೇ ಹೊರತು ಒಂದಕ್ಷರ ಬರೆಯಲಾಗಲಿಲ್ಲ.

"ಇದಕ್ಕ ಉಮೇದವಾರಿ ಅಂತಾರ್ರಿ!" ಎಂದರು ಕಾಕಾ, ಬಹಳ ಸಂತೋಷದಿಂದ.

ಇಷ್ಟರ ನಡುವೆ ನಮ್ಮ ಕಾಕು, ಅಂದರೆ ಅವರ ಹೆಂಡತಿ, ಪ್ರತಿ ವರ್ಷ ಕೇಳುತ್ತಿದ್ದಳು. "ನಾನೂ ಹಾಡ್ಲೇನ್ರಿ?"

"ಪರೀಕ್ಷಕರ ಮನ್ಯಾಗಿನವರಿಗೆ ಅವಕಾಶ ಇಲ್ಲ."

ಅವಳ ಆಸೆ ನಮಗೆಲ್ಲ ಗೊತ್ತಿತ್ತು, ಕಾಕಾ ಒಬ್ಬರನ್ನು ಬಿಟ್ಟು.

ಮುಂದೆ ಊರಿಗೆ ಹಿಟ್ಟಿನ ಗಿರಣಿ ಬಂತು. ಆ ವರ್ಷ ಜಮಖಾನೆ ಹಾಸಿ, ಬೀಸುಕಲ್ಲು ಇಟ್ಟು, ಸೀರೆ ತೂಗಹಾಕಿ ಕಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಕಾಕಾನ ಮುಖ ನೋಡಲಾಗುತ್ತಿರಲಿಲ್ಲ. ಆಗ ಕಾಕು, ಯಾರನ್ನೂ ಕೇಳದೆ, ಕಲ್ಲಿನ ಮುಂದೆ ಕುಳಿತು ಹಾಡತೊಡಗಿದಳು.

ಕಾಕಾ ನಿಯಮದ ಮಾತು ತೆಗೆಯಲಿಲ್ಲ. ಕುರ್ಚಿಯಿಂದ ಇಳಿದು, ಅವಳೆದುರು ಕುಳಿತು, ಗೂಟಕ್ಕೆ ತಾವೂ ಕೈ ಹಚ್ಚಿದರು. ಪದ ಮುಗಿದಾಗ, ಪಕ್ಕದಲ್ಲಿದ್ದ ನನ್ನ ಕಡೆ ನೋಡದೆಯೇ ಹೇಳಿದರು:

"ದಿನಾ ನಸುಕಿನ್ಯಾಗ ಇಕಿ ಪದಾ ಕೇಳಿ ಏಳಾಂವ ನಾನು. ಬ್ಯಾರೇದವರದು ಹ್ಯಾಂಗ ಹಿಡಸಬೇಕೋ?"

ಸೀರೆ ತಂದು ಮುಂದೆ ಹಿಡಿದರು. ಕಾಕು ಕೈ ಚಾಚಲಿಲ್ಲ.

"ಹಿಂಗ ಕೊಡ್ತಾರೇನ್ರಿ ಬಹುಮಾನ? ಹೆಸರು ಕರೀರಿ."

ಮದುವೆಯ ದಿನ ಒಡಪಿನ ಪದ್ಯದಲ್ಲಿ ಹೆಣೆದು ಹೇಳಿದ್ದು ಬಿಟ್ಟರೆ ಹೆಂಡತಿಯ ಹೆಸರನ್ನು ಬಾಯಲ್ಲಿ ತಂದವರಲ್ಲ ನಮ್ಮ ಕಾಕಾ. ಆ ಕಾಲದಲ್ಲಿ ಯಾರು ತರುತ್ತಿದ್ದರು? ಅಂಥವರು ಈಗ ಖಾಲಿ ಜಮಖಾನೆಯ ಕಡೆ ತಿರುಗಿ, ತುಂಬಿದ ಸಭೆಗೆ ಹೇಳುವಂತೆ ಅವಳ ಹೆಸರು ಕೂಗಿದರು.

ಕಾಕು ಸೆರಗು ಹೊದ್ದು ಎದ್ದು ನಿಂತಳು.

"ಕೇಳಿಸಲಿಲ್ರಿ," ಎಂದಳು. "ಇನ್ನೊಮ್ಮೆ ಕರೀರಿ."