ಮಾಳಿಗೆಯ ಮೇಲಿನ ಹರಿಗೋಲು

ನಮ್ಮ ದೊಡ್ಡಪ್ಪನವರ ಹರಿಗೋಲು ಹೊಳೆಯಲ್ಲಿಲ್ಲ, ಮನೆಯ ಮಾಳಿಗೆಯ ಮೇಲಿದೆ. ಪ್ರಳಯ ಬಂದು ಇಳಿದಾಗ ಅಲ್ಲಿ ಸಿಕ್ಕಿಕೊಂಡಿತೇ ಎಂದು ಮಾತ್ರ ಕೇಳಬೇಡಿ. ಕೇಳಿದವರಿಗೆಲ್ಲ ಅವರು ಹೌದೆಂದೇ ಹೇಳುತ್ತಾರೆ!

ನಮ್ಮದು ಹಂಪಿಯ ಅಂಚಿನಲ್ಲಿ, ತುಂಗಭದ್ರೆಯ ದಡದ ಅಂಬಿಗರ ಕೇರಿ. ಸುತ್ತಲೂ ಕಲ್ಲುಮಂಟಪಗಳು, ನಡುವೆ ನಮ್ಮ ಮಣ್ಣಿನ ಮಾಳಿಗೆಯ ಮನೆಗಳು. ಇಡೀ ಕೇರಿ ರಕ್ಷಿತ ಪ್ರದೇಶಕ್ಕೆ ಸೇರಿದೆ. ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಹಳೆಯದನ್ನು ದುರಸ್ತಿ ಮಾಡುವುದಕ್ಕೂ ಅಪ್ಪಣೆ ಬೇಕು. ನಿಯಮ ಯೋಗ್ಯವಾದುದೇ, ಇಲ್ಲವಾಗಿದ್ದರೆ ಇಷ್ಟರಲ್ಲಿ ಮಂಟಪಕ್ಕೊಂದು ಲಾಡ್ಜ್ ಎದ್ದಿರುತ್ತಿತ್ತು. ಆದರೆ ದೊಡ್ಡಪ್ಪನವರು ಆ ನಿಯಮವನ್ನು ತಮ್ಮ ಶರೀರಕ್ಕೂ ಅನ್ವಯಿಸಿಕೊಂಡರೆ ಏನು ಮಾಡುವುದು? ಮುಂದಿನ ಹಲ್ಲುಗಳು ಬಿದ್ದಾಗ ಅವರನ್ನು ಹೊಸಪೇಟೆಯ ದಂತವೈದ್ಯರಲ್ಲಿಗೆ ಕರೆದೊಯ್ದೆ. ಕುರ್ಚಿಯಲ್ಲಿ ಒರಗಿಕೊಂಡೇ ಹೇಳಿದರು:

"ಬ್ಯಾಡ್ರಿ ಡಾಕ್ಟ್ರ. ನಾ ಹಂಪ್ಯಾಗ ಹುಟ್ಟಿದಾಂವ. ಬಿದ್ದದ್ದು ಬಿದ್ದಂಗ ಇರಬೇಕು. ನೋಡಾಕ ಫಾರಿನ್ನಿಂದ ಬರ್ತಾರ!"

ವೈದ್ಯರು ನಕ್ಕರು. ನಾನು ಕ್ಷಮೆ ಕೇಳಿದೆ. ಅವರ ಜೊತೆ ಹೊರಗೆ ಹೋದಾಗಲೆಲ್ಲ ನನ್ನ ಪಾಲಿನ ಕೆಲಸ ಅದೇ.

ಆದರೆ ಹೋದ ವರ್ಷ ನಮ್ಮ ಮನೆಯಲ್ಲಿ ನಗು ನಿಂತುಹೋಯಿತು. ದೊಡ್ಡವ್ವನವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. "ಅವರೇ ಮನಸ್ಸು ಮಾಡಿದರೆ ಎರಡೂ ತಿರುಗಿ ಬಂದಾವು" ಎಂದರು ಆಸ್ಪತ್ರೆಯವರು. ಮನಸ್ಸನ್ನು ಯಾವ ಅಂಗಡಿಯಿಂದ ತರುವುದು? ಮನೆಗೆ ಬಂದವರೇ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಮೊಮ್ಮಕ್ಕಳು ಕರೆದರೂ ತಿರುಗಲಿಲ್ಲ. ಊಟಕ್ಕೆ ಬಾಯಿ ತೆರೆಯುತ್ತಿದ್ದುದು ದೊಡ್ಡಪ್ಪನವರ ಕೈತುತ್ತಿಗೆ ಮಾತ್ರ. ದೊಡ್ಡವ್ವ ಈ ಕಡೆ ತಿರುಗುವುದು ಯಾವಾಗ ಎಂಬುದೊಂದೇ ಅಂದಿನಿಂದ ನಮ್ಮೆಲ್ಲರ ಚಿಂತೆಯಾಯಿತು.

ಅಂಥ ಹೊತ್ತಿನಲ್ಲೇ ಈ ವರ್ಷದ ಮೊದಲ ಮಳೆಗೆ ಅವರ ಕೋಣೆಯ ಮಾಳಿಗೆಯ ನಡುಭಾಗ ಕುಸಿಯಿತು. ಪುಣ್ಯಕ್ಕೆ ಮಣ್ಣೆಲ್ಲ ಮಂಚದ ಪಕ್ಕಕ್ಕೆ ಬಿತ್ತು. ಬೇರೆ ಕೋಣೆಗೆ ಒಯ್ಯಲು ಹೋದರೆ ದೊಡ್ಡವ್ವ ಎಡಗೈಯಿಂದ ಮಂಚದ ಪಟ್ಟಿಯನ್ನು ಹಿಡಿದು ಬಿಡಲೊಲ್ಲರು. ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನಾದ್ದರಿಂದ ದುರಸ್ತಿಯ ಅಪ್ಪಣೆಗೆ ಅರ್ಜಿ ಬರೆದೆ. ಅರ್ಜಿ ದೋಷರಹಿತವಾಗಿತ್ತು, ಆದರೆ ಮಳೆ ಅದನ್ನು ಓದುವಂತಿರಲಿಲ್ಲ! ನಾನು ತಂದು ಹೊದಿಸಿದ ತಾಡಪಾಲು ಮೊದಲ ಗಾಳಿಗೇ ಹಾರಿ, ಎದುರಿನ ಮಂಟಪದ ಮೇಲೆ ಶಾಲಿನಂತೆ ಕುಳಿತಿತು.

"ನಿನ್ನ ಓದು ಹಾರಿ ಹೋತು. ಇನ್ನ ನನ್ನ ಕಸುಬು ನೋಡು" ಎಂದರು ದೊಡ್ಡಪ್ಪ.

ಅಣ್ಣತಮ್ಮಂದಿರನ್ನೆಲ್ಲ ಕೂಡಿಸಿ, ಹೊಳೆಯಲ್ಲಿದ್ದ ತಮ್ಮ ಹರಿಗೋಲನ್ನು ಹೊತ್ತು ತಂದು, ಮಾಳಿಗೆಯ ತೂತಿನ ಮೇಲೆ ಬೋರಲು ಹಾಕಿಸಿದರು. ಒಂದು ಹನಿಯೂ ಸೋರಲಿಲ್ಲ. ನೀರನ್ನು ಹೊರಗಿಡುವುದೇ ಅದರ ಹುಟ್ಟುಗುಣ ತಾನೇ? ತಮ್ಮದು ಮಾಳಿಗೆ ಏರಿದ್ದರಿಂದ ದೊಡ್ಡಪ್ಪನವರು ತಮ್ಮನ ಹರಿಗೋಲಿಗೆ ಹುಟ್ಟು ಹಾಕುವ ಆಳಾಗಿ ಹೊರಟರು.

ವಾರದೊಳಗೆ ಪರಿಶೀಲನೆಗೆ ಅಧಿಕಾರಿಯೊಬ್ಬರು ಬಂದರು. ಮಾಳಿಗೆಯತ್ತ ನೋಡಿ ನಿಂತರು.

"ಇದೇನ್ರೀ, ಹೊಸ ಗುಮ್ಮಟ ಕಟ್ಟಿದ್ದೀರಾ?"

"ಗುಮ್ಮಟ ಎಲ್ಲೈತ್ರಿ ಸಾಹೇಬ್ರ! ಹರಗೋಲ್ರಿ ಅದು. ಡಾಂಬರ್ ಬಳದು ಒಣಗಾಕ ಹಾಕೀನಿ."

"ಮಳೆಗಾಲದಲ್ಲಿ ಒಣಗೋಕೆ ಹಾಕಿದ್ದೀರಾ?"

"ಬ್ಯಾಸಿಗ್ಯಾಗ ಯಾರ ಬೇಕಾದ್ರೂ ಒಣಗಸ್ತಾರ್ರಿ."

ಅಧಿಕಾರಿ ನಗು ತಡೆದುಕೊಂಡು ಒಳಗೆ ಹೋದರು. ಮಂಚದ ಮೇಲಿದ್ದವರನ್ನು ಕಂಡು ಗಂಭೀರರಾದರು. ಹೊರಗೆ ಬಂದು, ಹಳೆಯ ರೀತಿಯಲ್ಲೇ ತೊಲೆ, ಮಣ್ಣು, ಸುಣ್ಣದಿಂದ ದುರಸ್ತಿ ಮಾಡುವುದಾದರೆ ಅಪ್ಪಣೆ ಕೊಡಿಸುತ್ತೇನೆಂದರು.

ಅಷ್ಟರಲ್ಲಿ ಹರಿಗೋಲು ಪ್ರಸಿದ್ಧಿಗೆ ಬಂದಿತ್ತು. ಒಬ್ಬ ಗೈಡ್ ಪ್ರವಾಸಿಗರಿಗೆ, ಅರಸರ ಕಾಲದಲ್ಲಿ ಅಂಬಿಗರ ಮನೆಗಳೆಲ್ಲ ಹೀಗೆಯೇ ಇರುತ್ತಿದ್ದವೆಂದು ವಿವರಿಸುತ್ತಿದ್ದುದನ್ನು ನಾನೇ ಕೇಳಿದೆ. ತಿದ್ದಲು ಮುಂದಾದೆ. ದೊಡ್ಡಪ್ಪ ತೋಳು ಹಿಡಿದು ಎಳೆದರು: "ಸುಮ್ನಿರಲೇ! ಇವತ್ತರ ಮನಿಗೆ ಮರ್ಯಾದಿ ಬಂದೈತಿ."

ಕೊನೆಗೂ ಅಪ್ಪಣೆ ಬಂತು. ತೊಲೆಗಳು ಬಂದವು, ಕೆಲಸದವರೂ ಬಂದು ನಿಂತರು. ದೊಡ್ಡಪ್ಪನವರು ಏಣಿಗೆ ಅಡ್ಡ ನಿಂತು, "ಹರಗೋಲ ಇಳಿಸಂಗಿಲ್ಲ" ಎಂದರು!

"ಊರೆಲ್ಲ ನಗಾಕ್ಹತ್ತೈತಿ ಅಣ್ಣ, ಸಾಕ ಬಿಡು ಹಠ" ಎಂದರು ಅವರ ತಮ್ಮ. ನಾನೂ ಧೈರ್ಯ ತಂದುಕೊಂಡು, "ದೊಡ್ಡಪ್ಪ, ಎಷ್ಟು ದಿನಾ ಅಂತ ಮಂದಿ ಹರಗೋಲ ನಡಸ್ತಿ?" ಎಂದೆ.

ಅವರು ನನ್ನನ್ನು ಒಳಗೆ ಕರೆದೊಯ್ದು ಮಂಚದ ಪಕ್ಕದ ನೆಲ ತೋರಿಸಿದರು. "ಮಕ್ಕೊ. ಮ್ಯಾಲ ನೋಡು."

ಅಂಗಾತ ಮಲಗಿದೆ. ಮೇಲೆ ಬಿದಿರಿನ ದುಂಡನೆಯ ಹೆಣಿಗೆ, ಅದರ ಸಂದುಗಳಲ್ಲಿ, ನೀರು ತಡೆಯಲು ಗೊಬ್ಬರದ ಚೀಲಗಳನ್ನು ಕೂಡಿಸಿದ ಸಾಲುಸಾಲು ಹೊಲಿಗೆ. ಇಷ್ಟು ವರ್ಷ ಆ ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿದವನು ನಾನು. ಆ ಹೊಲಿಗೆಗಳನ್ನು ನೋಡಿರಲೇ ಇಲ್ಲ. ಪ್ರತಿ ವರ್ಷ ಚೀಲ ಹೊಲಿಯುತ್ತಿದ್ದವರು ದೊಡ್ಡವ್ವ.

ಪಕ್ಕಕ್ಕೆ ತಿರುಗಿದೆ. ದೊಡ್ಡವ್ವನವರ ಮುಖ ಗೋಡೆಯ ಕಡೆಗಿರಲಿಲ್ಲ. ಅವರೂ ಮೇಲೆ ನೋಡುತ್ತಿದ್ದರು.

"ಹರಗೋಲ ಬಂದ ಮರುದಿನದಿಂದ ನೋಡಾಕ್ಹತ್ಯಾಳ. ಇಷ್ಟ ದಿನ ಯಾರರ ಬಂದ್ರ ಮತ್ತ ಗ್ವಾಡಿ ಕಡೆ ತಿರಗತಿದ್ಳು" ಎಂದು ದೊಡ್ಡಪ್ಪ ಪಿಸುಗುಟ್ಟಿದರು. "ಮಣ್ಣು ಹಾಕಿ ಮುಚ್ಚಿದ್ರ, ಆಕಿ ಏನ್ ನೋಡ್ಲೆಪ್ಪ?"

ಆಗ ದೊಡ್ಡವ್ವನವರ ಬಲಗೈ ಹಾಸಿಗೆಯಿಂದ ಗೇಣಷ್ಟು ಎದ್ದಿತು. ನಡುಗುತ್ತ ಒಂದು ಹೊಲಿಗೆಯ ಕಡೆ ಚಾಚಿತು. ಅದು ಈ ವರ್ಷದ ಹೊಲಿಗೆ, ದೊಡ್ಡಪ್ಪನವರು ಒಬ್ಬರೇ ಕುಳಿತು ಹೊಲಿದದ್ದು. ದೊಡ್ಡವ್ವನವರ ತುಟಿ ಬಹಳ ಹೊತ್ತು ಹೆಣಗಾಡಿತು.

"ಸೊಟ್ಟ" ಎಂದರು.

ಜೀವಮಾನದಲ್ಲಿ ಯಾರಿಗೂ ಸೋಲದ ನಮ್ಮ ದೊಡ್ಡಪ್ಪನವರು ಮಂಚದ ಅಂಚಿಗೆ ಕುಸಿದು ಕುಳಿತರು. ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಹೂಂ, ಸೊಟ್ಟ ಆಗೈತಿ. ನನಗ ಬರಾಂಗಿಲ್ಲ. ಏಳು, ನೀನ ಬಿಚ್ಚಿ ಹೊಲಿ."