ಮಾವನನ್ನು ಹಿಂಡಲು ಹೋದ ಕೈ

ಇನ್ನೊಂದೇ ತಿಂಗಳು! ಆಮೇಲೆ ನನ್ನ ಕೈ ಕುಲುಕಿದವನು ಮನೆಗೆ ಹೋಗಿ ಬೆರಳು ಎಣಿಸಿಕೊಳ್ಳಬೇಕು, ಐದೂ ಇವೆಯೇ ಎಂದು!

ಹೀಗೆಂದು ಒಂದು ಶನಿವಾರ ಸಂಜೆ ನಡುಮನೆಯಲ್ಲಿ ನಿಂತು ಘೋಷಿಸಿದೆ. ಸಭಿಕರು ಇಬ್ಬರು. ಹೆಂಡತಿ ತನ್ನ ಬಿಳಿ ಯೂನಿಫಾರ್ಮುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತು ಕಾಲೇಜಿನ ನೋಟ್ಸ್ ಬರೆಯುತ್ತಿದ್ದಳು. ಚಪ್ಪಾಳೆ ಬೀಳಲಿಲ್ಲ.

"ಸದ್ಯಕ್ಕೆ ಆ ಕಿಟಕಿ ಚಿಲಕ ಹಾಕಿ, ಬಿಗಿಯಾಗಿದೆ. ನಿಮ್ಮ ಕೈಲಿ ಆಗುತ್ತಾ ನೋಡೋಣ," ಎಂದಳು ಹೆಂಡತಿ.

ಆಗಲಿಲ್ಲ. ಮಗಳು ಎದ್ದು ಬಂದು ಹಾಕಿ ಹೋದಳು.

ನನ್ನ ಕೈಯದು ತಪ್ಪಲ್ಲ. ನಾನು ಗಡಿಯಾರ ರಿಪೇರಿಯವನು. ಇಪ್ಪತ್ತಾರು ವರ್ಷಗಳಿಂದ ನನ್ನ ಬೆರಳುಗಳು ಎತ್ತಿರುವ ಅತಿ ಭಾರದ ವಸ್ತುವೆಂದರೆ ಚಿಮುಟ. ಉಸಿರು ಬಿಟ್ಟರೆ ಹಾರಿಹೋಗುವ ತಿರುಪುಗಳ ಜೊತೆ ಸಂಸಾರ ಮಾಡುವವನಿಗೆ ಮುಷ್ಟಿಯ ಬಲ ಎಲ್ಲಿಂದ ಬರಬೇಕು? ನಾನು ಹಾಗೇ ನೆಮ್ಮದಿಯಾಗಿದ್ದೆ. ಕೆಡಿಸಿದವನು ಇಕ್ಕಳ.

ಇಕ್ಕಳ ಎಂದರೆ ಉಪಕರಣವಲ್ಲ, ಮನುಷ್ಯ. ನನ್ನ ಅಂಗಡಿಯ ಎದುರಿನ ಜಿಮ್ಮಿನ ಯಜಮಾನ. ಅವನ ಹಿಡಿತಕ್ಕೆ ಸಿಕ್ಕಿದವರೆಲ್ಲ ಸೇರಿ ಇಟ್ಟ ಹೆಸರು ಅದು. ಆ ಶನಿವಾರ ವಾಚಿಗೆ ಸೆಲ್ ಹಾಕಿಸಿಕೊಂಡು, ಸಂತೋಷದಿಂದ ನನ್ನ ಕೈ ಹಿಡಿದು ಕುಲುಕಿದ. ಹಿಡಿದವನು ಅನುಮಾನದಿಂದ ಕೆಳಗೆ ನೋಡಿದ.

"ಸಾರ್, ನಿಮ್ಮ ಕೈ ಎಲ್ಲಿ?"

"ನಿಮ್ಮ ಕೈಯೊಳಗೇ ಇದೆಯಲ್ಲ!"

"ಅಯ್ಯೋ, ಇದಾ! ನಾನು ಕರ್ಚೀಫ್ ಕೊಟ್ರಿ ಅಂದ್ಕೊಂಡೆ!"

ಅಂಗಡಿಯಲ್ಲಿದ್ದ ಗಡಿಯಾರಗಳೆಲ್ಲ ಟಿಕ್ಕು ಟಿಕ್ಕೆಂದು ನಕ್ಕಹಾಗಾಯಿತು. ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. ಜಿಮ್ಮಿಗೆ ಓಡಿಹೋಗಿ ಮೂರು ಹ್ಯಾಂಡ್ ಗ್ರಿಪ್ಪರ್ ತಂದು ಮೇಜಿನ ಮೇಲಿಟ್ಟ. ಎರಡು ಹಿಡಿ, ತಲೆಯ ಮೇಲೊಂದು ಸುರುಳಿ ಸ್ಪ್ರಿಂಗ್. ಹಿಡಿಗಳೆರಡನ್ನೂ ಮುಷ್ಟಿಯಲ್ಲಿ ಹಿಂಡಿ ಒಂದಕ್ಕೊಂದು ತಾಗಿಸಬೇಕು, ಅಷ್ಟೇ.

"ಮೂರನ್ನೂ ಹೋಲಿಸಿ ನೋಡಿ ಸಾರ್. ಯಾವುದು ಹಿಡಿಸುತ್ತೋ ಅದನ್ನ ಹಿಡ್ಕೊಳ್ಳಿ. ಆದ್ರೆ ನಿಧಾನ. ದಿನಕ್ಕೆ ಐದೇ ನಿಮಿಷ."

ಕೊನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಇಪ್ಪತ್ತಾರು ವರ್ಷದ ಬಾಕಿಯನ್ನು ಐದೈದು ನಿಮಿಷದಲ್ಲಿ ತೀರಿಸಲಾಗುತ್ತದೆಯೇ?

ಭಾನುವಾರ ಬೆಳಿಗ್ಗೆ ಪರೀಕ್ಷೆ ಶುರುವಾಯಿತು. ಮೊದಲು ನಾಮಕರಣ. ಸ್ಪಂಜಿನ ಹಿಡಿಯ, ನಲವತ್ತೈದು ಕೇಜಿ ಎಂದು ಬರೆದಿದ್ದ ಮೆತ್ತನೆಯದಕ್ಕೆ 'ಮೈದುನ'. ಎಪ್ಪತ್ತು ಕೇಜಿಯ ಸ್ಟೀಲಿನದಕ್ಕೆ 'ಭಾವ'. ತೊಂಬತ್ತೈದು ಕೇಜಿಯ, ಅರದ ಹಾಗೆ ಒರಟು ಹಿಡಿಯ ಕರಿಯದಕ್ಕೆ 'ಮಾವ'.

"ಕರೀದಕ್ಕೆ ಯಾಕೆ ನಮ್ಮಪ್ಪನ ಪಟ್ಟ?" ಹೆಂಡತಿ ಅಡಿಗೆಮನೆಯಿಂದಲೇ ಕೇಳಿದಳು.

"ಎಷ್ಟು ಒತ್ತಿದ್ರೂ ಒಪ್ಪಲ್ವಲ್ಲ, ಅದಕ್ಕೆ!"

"ನಿಮಗೆ ಮಗಳನ್ನ ಕೊಡೋಕೆ ಒಪ್ಪಿದ್ರಲ್ಲ. ಅದೊಂದರಲ್ಲಿ ಮಾತ್ರ ಮೆತ್ತಗಾಗಿಬಿಟ್ರು."

ನಾನು ಕಿವುಡನಾಗಿ ಕೆಲಸ ಮುಂದುವರಿಸಿದೆ. ಹೋಲಿಕೆಯೆಂದರೆ ಹಿಂಡಿ ನೋಡುವುದಷ್ಟೇ ಅಲ್ಲ. ಅದರ ಮೇಲೆ ಬರೆದ ತೂಕ ನಿಜವೋ ಸುಳ್ಳೋ, ಅದೂ ತಿಳಿಯಬೇಕು.

"ಅವರೇ ಬರೆದಿದಾರಲ್ಲ ಅಪ್ಪ," ಎಂದಳು ಮಗಳು.

"ನಾನು ಗಡಿಯಾರದವನಮ್ಮ. ಮುಖದ ಮೇಲೆ ಬರೆದಿದ್ದನ್ನ ನೋಡಿ ನಂಬೋನಲ್ಲ!"

ಊಟದ ಮೇಜಿನ ಅಂಚಿಗೆ ಗ್ರಿಪ್ಪರಿನ ಒಂದು ಹಿಡಿಯನ್ನು ಕ್ಲ್ಯಾಂಪ್ ಹಾಕಿ ಬಿಗಿದೆ. ಮೇಲಿನ ಹಿಡಿಗೆ ನನ್ನ ಬೆಲ್ಟು ಸಿಕ್ಕಿಸಿ ಬಕೆಟ್ಟುಗಳನ್ನು ತೂಗುಹಾಕಿದೆ. ತಂಬಿಗೆಗೆ ಒಂದು ಲೀಟರು, ಲೀಟರಿಗೆ ಒಂದು ಕೇಜಿ. ಎರಡು ಹಿಡಿ ಯಾವಾಗ ತಾಗುತ್ತವೋ ಆಗ ನಿಜವಾದ ತೂಕ ಬಯಲು! ಭಾರಕ್ಕೆ ಮೇಜು ಇತ್ತ ವಾಲುವ ಹಾಗೆ ಕಂಡಿತು. ವಿಜ್ಞಾನಕ್ಕೆ ಉಪಾಯವುಂಟು. ಮಗಳನ್ನು ನೋಟ್‌ಬುಕ್ಕಿನ ಸಮೇತ ಆ ತುದಿಯ ಮೇಲೆ ಕೂರಿಸಿದೆ. ಪಕ್ಕದಲ್ಲಿ ಇಸ್ತ್ರಿ ಹಾಕಿದ ಯೂನಿಫಾರ್ಮುಗಳ ರಾಶಿ.

ಮೈದುನ ಮೂವತ್ತೆಂಟಕ್ಕೇ ಬಾಯಿ ಮುಚ್ಚಿದ.

"ಏಳು ಕೇಜಿ ಸುಳ್ಳು! ಬರ್ಕೊ!" ಎಂದು ಕುಣಿದಾಡಿದೆ.

ಭಾವನ ಸರದಿ ಬಂತು. ಮೂರು ಬಕೆಟ್ಟು ತೂಗಿದವು. ಐವತ್ತಾರು... ಐವತ್ತೇಳು... ಹಿಡಿಗಳ ನಡುವೆ ಇನ್ನು ಒಂದು ಬೆರಳಿನಷ್ಟೇ ಜಾಗ. ಐವತ್ತೆಂಟನೆಯ ತಂಬಿಗೆ ಎತ್ತಿದ್ದೇನೆ, ಒಳಗಿನಿಂದ ಹೆಂಡತಿ ಕೂಗಿದಳು: "ಏ ಮಗಳೇ, ಬಾ ಇಲ್ಲಿ ಒಂದ್ನಿಮಿಷ!"

ತಾಯಿಯ ಮಾತಿಗೆ ಎಂದೂ ತಕ್ಷಣ ಏಳದ ಮಗಳು ಅಂದು, ಅದೇ ಕ್ಷಣ, ಟಣ್ಣನೆ ಜಿಗಿದು ಇಳಿದಳು!

ಮೇಜು ಮುಂಗಾಲೂರಿತು. ಬಕೆಟ್ಟುಗಳು ಬಿದ್ದವು. ಬಿದ್ದ ಬಕೆಟ್ಟುಗಳ ಮೇಲೆ ಯೂನಿಫಾರ್ಮುಗಳು ಒಂದೊಂದಾಗಿ, ದೋಣಿ ಇಳಿಬಿಟ್ಟ ಹಾಗೆ, ನೀರಿಗಿಳಿದವು. ನಡುಮನೆಯಲ್ಲಿ ನನ್ನ ಚಪ್ಪಲಿಗಳು ತೇಲುತ್ತ ಬಾಗಿಲ ಕಡೆ ಹೊರಟವು. ಅವಕ್ಕಾದರೂ ಬುದ್ಧಿಯಿತ್ತು.

ಹೆಂಡತಿ ಬಂದು ನಿಂತಳು. ನೀರು ನೋಡಿದಳು. ಬೆಲ್ಟಿಲ್ಲದ ನನ್ನ ಪ್ಯಾಂಟನ್ನು ನೋಡಿದಳು. ಮಗಳು ಸಮಯಪ್ರಜ್ಞೆಯಿಂದ ಓದಿ ಹೇಳಿದಳು: "ಭಾವ: ಫಲಿತಾಂಶ ಇಲ್ಲ. ಮನೆ: ಒದ್ದೆ."

"ದೇವರು ಕೈ ಅಂತ ಎರಡು ಕೊಟ್ಟಿದಾನಲ್ಲ ರೀ," ಎಂದಳು ಹೆಂಡತಿ, ಭಯ ಹುಟ್ಟಿಸುವಷ್ಟು ಶಾಂತವಾಗಿ. "ಹಿಡಿದು ನೋಡೋದು ಬಿಟ್ಟು ಬಕೆಟ್ ಯಾಕೆ ಬೇಕಿತ್ತು?"

ಸರಿ, ಹಿಡಿದೇ ನೋಡೋಣ! ನೆಲ ಒರೆಸಿ, ಬಟ್ಟೆ ಹಿಂಡಿ (ಅದರಲ್ಲೇ ಅರ್ಧ ಶಕ್ತಿ ಮುಗಿದಿತ್ತು), ಮಧ್ಯಾಹ್ನ ಪೂರ್ತಿ ಕೂತೆ. ಮೈದುನ ಸುಲಭ, ಆದರೆ ಬೆವರಿಗೆ ಜಾರುತ್ತಾನೆ. ಭಾವನ ಹಿಡಿ ಅಂಗೈಗೆ ಒಪ್ಪುತ್ತದೆ, ಆದರೆ ಪ್ರತಿ ಸಲವೂ ಕಿರ್ರೆಂದು ಗೊಣಗುತ್ತಾನೆ. ಮಾವನಿಗೆ ನನ್ನ ಬೆರಳು ಎಟಕುವುದೇ ಕಷ್ಟ, ಎಟಕಿದರೆ ಚರ್ಮ ಕಚ್ಚುತ್ತಾನೆ. ಬಲಗೈಯಲ್ಲಿ ಮೂವತ್ತು ಸಲ, ಎಡಗೈಯಲ್ಲಿ ಮೂವತ್ತು ಸಲ, ಮತ್ತೆ ಬಲಗೈ. ಮೈದುನ ಸೋತ. ಭಾವ, ನನ್ನ ಕಣ್ಣಲ್ಲಿ ನೀರು ಬರಿಸಿ, ಸೋತ. ಮಾವ ಮಾತ್ರ ಜಗ್ಗಲಿಲ್ಲ. ಕೊನೆಗೆ ಎರಡೂ ಕೈ ಹಾಕಿ, ಮಂಡಿಗಳ ನಡುವೆ ಸಿಕ್ಕಿಸಿ, ಹಲ್ಲು ಕಚ್ಚಿ, ಹುಂಕರಿಸಿ ಹಿಂಡಿದೆ ನೋಡಿ... ಟಕ್!

"ಮಾವ ಮುಚ್ಚಿದ! ಮಾವ ಮುಚ್ಚಿದ!"

"ಏನ್ರೀ ಅದು ಅಪಶಕುನದ ಮಾತು!" ಎಂದು ಓಡಿ ಬಂದಳು ಹೆಂಡತಿ.

ಮಾವ ಮುಚ್ಚಿದ್ದ, ಆಮೇಲೆ ಬಿಚ್ಚಿಕೊಂಡ. ನನ್ನ ಕೈ ಬಿಚ್ಚಿಕೊಳ್ಳಲಿಲ್ಲ. ಹತ್ತೂ ಬೆರಳು ಕೊಕ್ಕೆಯಂತೆ ಬಾಗಿ ನಿಂತುಬಿಟ್ಟವು. ಸಂಜೆಯ ಹೊತ್ತಿಗೆ ಚಮಚ ಹಿಡಿಯಲು ಹೋದರೆ ಅದು ಗದಗದ ನಡುಗಿ ಊಟವನ್ನು ಕಿವಿಗೆ ತಲುಪಿಸಿತು. ಹೆಂಡತಿ ಬಿಸಿನೀರಿನಲ್ಲಿ ನನ್ನ ಕೈಗಳನ್ನು ಅದ್ದಿಸಿ, ಟವೆಲ್ಲಿನಲ್ಲಿ ಸುತ್ತಿ, ಪಕ್ಕದಲ್ಲಿ ಕೂತು ತುತ್ತು ಮಾಡಿ ತಿನ್ನಿಸಿದಳು. ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

"ಸ್ನಾಯು ಹಿಡ್ಕೊಂಡಿದೆ. ಮೂರು ದಿನ ಕೈಗೆ ರಜ. ಏನೂ ಮುಟ್ಟೋ ಹಾಗಿಲ್ಲ," ಎಂದಳು. ಮಕ್ಕಳ ಆಸ್ಪತ್ರೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ರಕ್ತ ತೆಗೆಯುವವಳು, ಅವಳ ಮಾತಿಗೆ ಎದುರಿಲ್ಲ.

ಆಗ ನನಗೆ ಸಂಗೀತದ ಟೀಚರ್ ನೆನಪಾದರು.

ಆ ಟೀಚರಿಗೆ ಕಣ್ಣು ಕಾಣುವುದಿಲ್ಲ. ಅವರದು ಮುಟ್ಟಿ ನೋಡುವ ವಾಚು. ಗಾಜಿನ ಮುಚ್ಚಳ ತೆರೆದು, ಒಳಗಿನ ಮುಳ್ಳುಗಳನ್ನು ಬೆರಳ ತುದಿಯಿಂದ ಸವರಿ ಸಮಯ ತಿಳಿಯುತ್ತಾರೆ. ಸೋಮವಾರ ಮಧ್ಯಾಹ್ನದಿಂದ ಅವರು ಮೊದಲ ಬಾರಿಗೆ ಪರೀಕ್ಷಕಿ. ಒಬ್ಬೊಬ್ಬ ವಿದ್ಯಾರ್ಥಿಗೆ ಹನ್ನೆರಡು ನಿಮಿಷ. "ಮಾತಾಡೋ ಗಡಿಯಾರ ಇದೆ, ಆದ್ರೆ ಮಗು ಹಾಡ್ತಿರುವಾಗ ಅದು ನಡುವೆ ಬಾಯಿ ಹಾಕಿದ್ರೆ ಚೆನ್ನಾಗಿರುತ್ತಾ? ನಂಗೆ ನನ್ನ ವಾಚೇ ಬೇಕು," ಎಂದಿದ್ದರು. ಸೋಮವಾರ ಹನ್ನೆರಡಕ್ಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಎಲ್ಲ ಮುಗಿದಿತ್ತು. ತೂಗುಚಕ್ರ ಕೂರಿಸಿ, ಒಂದು ತಿರುಪು ಬಿಗಿದು, ಮುಳ್ಳು ಹಾಕುವುದು ಬಾಕಿ. ಕೈ ಸರಿಯಿದ್ದರೆ ಅರ್ಧ ಗಂಟೆಯ ಕೆಲಸ.

ಸೋಮವಾರ ಮಗಳು ನನ್ನ ಅಂಗಿಯ ಗುಂಡಿ ಹಾಕಿ, ಅಂಗಡಿಯ ಬೀಗ ತೆಗೆದುಕೊಟ್ಟು ಕಾಲೇಜಿಗೆ ಹೋದಳು. ಎರಡೂ ಕೈ ಸೇರಿಸಿ ಚಿಮುಟ ಹಿಡಿದೆ. ಅದು ಚಳಿಜ್ವರ ಬಂದಂತೆ ನಡುಗಿತು. ಎಳ್ಳಿಗಿಂತ ಸಣ್ಣ ತಿರುಪು ಒಮ್ಮೆ ಮಿನುಗಿ, ಟಿಣ್ಣೆಂದು ಹಾರಿ, ಮಾಯವಾಯಿತು!

ನೆಲದ ಮೇಲೆ ತೆವಳಿದೆ. ಮೇಜಿನ ಕೆಳಗೆ ಹೊಕ್ಕೆ. ಗಂಟೆ ಹತ್ತೂವರೆ. ಬೇರೆ ದಾರಿ ಕಾಣದೆ ಮೂಗಿನಿಂದ ಫೋನಿನ ಗುಂಡಿ ಒತ್ತಿ ಹೆಂಡತಿಯನ್ನು ಕರೆದೆ. ಅಂದು ಅವಳ ಪಾಳಿ ಶುರುವಾಗುವುದು ಮಧ್ಯಾಹ್ನ ಎರಡಕ್ಕೆ. ಇಪ್ಪತ್ತು ನಿಮಿಷದಲ್ಲಿ ಬಂದಳು. ಬಂದವಳೇ ನನ್ನ ಮುಖವನ್ನು ದಿಟ್ಟಿಸಿದಳು.

"ಅಲ್ಲಾಡಬೇಡಿ."

"ಏನಾಯ್ತೇ?"

"ಮಾತೂ ಆಡಬೇಡಿ." ಚಿಮುಟ ಎತ್ತಿ, ನನ್ನ ಮೀಸೆಯೊಳಗಿಂದ ತಿರುಪನ್ನು ಹೆಕ್ಕಿ ತೆಗೆದಳು! "ಈಗ ಏನು ಮಾಡ್ಬೇಕು ಹೇಳಿ."

ನನ್ನ ಕುರ್ಚಿಯಲ್ಲಿ ಕೂತಳು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡಳು. ತೂಗುಚಕ್ರ ಎಂದರೆ ಗಡಿಯಾರದ ಎದೆಬಡಿತ. ಅದಕ್ಕಂಟಿದ ಸ್ಪ್ರಿಂಗ್ ಕೂದಲಿಗಿಂತ ತೆಳು. ನಾನು ಪಕ್ಕದಿಂದ ಅಪ್ಪಣೆ ಕೊಟ್ಟೆ.

"ಉಸಿರು ಹಿಡಿ! ಕೈ ಬಿಗಿ ಹಿಡಿ!"

"ಹಿಡಿ ಹಿಡಿ ಅಂತ ಹಿಡಿದೇ ಈ ಗತಿ ಬಂದಿರೋದು. ಸುಮ್ನಿರಿ. ಹುಟ್ಟಿ ಎರಡು ದಿನದ ಕೂಸಿನ ನರ ಹುಡುಕೋಳು ನಾನು. ಅದು ಕಾಲು ಒದೀತಿರುತ್ತೆ. ಇದು ಒದೆಯಲ್ಲ ತಾನೇ?"

"ಇಲ್ಲ."

"ಕಿರುಚಿ ಅಳೋದಿಲ್ಲ ತಾನೇ?"

"ಇಲ್ಲ."

"ಮತ್ತೆ ನೀವ್ಯಾಕೆ ಅಳ್ತಿದೀರಿ?"

ನಾನು ಅಳುತ್ತಿರಲಿಲ್ಲ. ಸ್ವಲ್ಪ ಮಾತ್ರ. ಇಪ್ಪತ್ತೆರಡು ವರ್ಷ ಜೊತೆಗಿದ್ದೂ ಅವಳು ಕೆಲಸ ಮಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆಸ್ಪತ್ರೆಯಿಂದ ಬಂದವಳು "ಇವತ್ತು ಹದಿನೇಳು ಮಕ್ಕಳು" ಎಂದರೆ ನಾನು "ಹೂಂ" ಎಂದು ಪೇಪರು ತಿರುವುತ್ತಿದ್ದೆ. ಈಗ ಮೊಳದ ದೂರದಲ್ಲಿ ಕಂಡೆ. ಅವಳ ಬೆರಳು ಚಿಮುಟವನ್ನು ಹಿಡಿದೇ ಇರಲಿಲ್ಲ, ಅದು ತಾನಾಗಿ ಅಲ್ಲಿ ನಿಂತಿತ್ತು. ಚಕ್ರವನ್ನು ಇಳಿಸಿದಳು, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸಿದ ಹಾಗೆ. ತಿರುಪು ಒಂದು ಸುತ್ತು, ಇನ್ನರ್ಧ ಸುತ್ತು. ಚಕ್ರ ಒಮ್ಮೆ ಅಲುಗಿತು. ನಿಂತಿತು. ಆಮೇಲೆ ಟಿಕ್ ಟಿಕ್ ಟಿಕ್ ಟಿಕ್!

"ಬದುಕ್ತು!" ಎಂದು ಕೂಗಿದೆ.

"ಬದುಕಿದಿರಿ ಅನ್ನಿ," ಎಂದು ಅವಳು ಮುಳ್ಳುಗಳತ್ತ ತಿರುಗಿದಳು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಕೋಲಿನ ಟಕಟಕ ಕೇಳಿಸಿತು. ಟೀಚರ್ ಬಂದರು. ಹೆಂಡತಿ ಕುರ್ಚಿ ಬಿಟ್ಟು ಗಿರಾಕಿಯ ಹಾಗೆ ಸ್ಟೂಲಿನ ಮೇಲೆ ಕೂತಳು. ನಾನು ಎರಡು ಮುಂಗೈಗಳ ನಡುವೆ ವಾಚನ್ನು ಎತ್ತಿ ಕೊಟ್ಟು, ಗಂಭೀರ ದನಿಯಲ್ಲಿ, "ಸ್ವಲ್ಪ ಕಷ್ಟದ ಕೆಲಸವಾಗಿತ್ತು, ಮಾಡಿದೀನಿ," ಎಂದೆ.

ಅವರು ಮುಚ್ಚಳ ತೆರೆದು ಬೆರಳಿಟ್ಟರು. ಬೆರಳು ನಿಂತಿತು. ಮತ್ತೊಮ್ಮೆ ಸವರಿದರು.

"ಇದು ನೀವು ಮಾಡಿದ್ದಲ್ಲ."

"ಯಾ... ಯಾಕೆ ಟೀಚರ್? ಏನಾದ್ರೂ ತಪ್ಪಿದೆಯಾ?"

"ಇಲ್ಲ. ಅದಕ್ಕೇ ಹೇಳಿದ್ದು."

ಸ್ಟೂಲಿನ ಕಡೆಯಿಂದ ಕಿಸಕ್ಕೆಂದು ಸದ್ದು ಬಂತು. ಟೀಚರ್ ನಗುತ್ತ ಹೇಳಿದರು: "ನೀವು ಮುಳ್ಳನ್ನ ತಳಕ್ಕೊತ್ತಿ ಕೂರಿಸ್ತೀರಿ. ಪ್ರತಿ ಸಲ ರಿಪೇರಿಯಾದ ಮೇಲೆ ಒಂದು ವಾರ ಉಗುರಲ್ಲಿ ಹುಡುಕಬೇಕು. ಇವತ್ತು ಅದೇ ಬಂದು ಬೆರಳಿಗೆ ಸಿಗ್ತಿದೆ."

"ಹನ್ನೊಂದು ವರ್ಷದಿಂದ ಬರ್ತಿದೀರಿ. ಒಂದ್ಸಲನೂ ಹೇಳಲಿಲ್ವಲ್ಲ!"

"ನಿಮ್ಮ ಮನಸ್ಸು ಮೃದು ಅಂತ ಗೊತ್ತಿತ್ತು. ಕೈ ಮಾತ್ರ ಸ್ವಲ್ಪ ಬಿರುಸು."

ನನ್ನ ಕೈ ಬಿರುಸು! ಎರಡು ದಿನದ ಹಿಂದೆ ಕೇಳಿದ್ದರೆ ಜಿಮ್ಮಿನ ಮುಂದೆ ನಿಂತು ಕೂಗಿ ಹೇಳುತ್ತಿದ್ದೆ. ಈಗ ಎಲ್ಲವನ್ನೂ ಒಪ್ಪಿಕೊಂಡೆ: ಮೈದುನ, ಭಾವ, ಮಾವ, ಮೀಸೆ, ಒಂದನ್ನೂ ಬಿಡದೆ. ಟೀಚರ್ ನಕ್ಕೂ ನಕ್ಕೂ ಗೋಡೆಗೆ ಒರಗಿದರು. ಆಮೇಲೆ ಕೈ ಚಾಚಿ ನನ್ನ ಹೆಂಡತಿಯ ಬೆರಳುಗಳನ್ನು ಹುಡುಕಿ ಹಿಡಿದುಕೊಂಡರು.

"ಇವತ್ತು ಹದಿನಾಲ್ಕು ಮಕ್ಕಳು ಹಾಡ್ತಾರೆ. ಯಾರಿಗೂ ಒಂದು ನಿಮಿಷ ಕಡಿಮೆ ಸಿಗಲ್ಲ. ತುಂಬಾ ಉಪಕಾರ ಆಯ್ತಮ್ಮ," ಎಂದವರು ದನಿ ತಗ್ಗಿಸಿ ಕೇಳಿದರು, "ಅಂದ್ಹಾಗೆ, ನಿಮಗೆ ವಾರದ ರಜ ಯಾವತ್ತು?"

ಹೆಂಡತಿ ನಾಚಿ ಕೆಂಪಾದಳು. ಅಷ್ಟು ಚೆಂದದ ಮುಖವನ್ನು ನಾನು ನೋಡಿ ಬಹಳ ದಿನವಾಗಿತ್ತು. ಕೈ ಮುಗಿಯೋಣವೆಂದು ಎರಡನ್ನೂ ಅವಳ ಮುಂದೆ ಎತ್ತಿ ಜೋಡಿಸಿದೆ. ಬೆರಳು ನೆಟ್ಟಗಾಗಬೇಕಲ್ಲ! ಎರಡು ಮುಷ್ಟಿಗಳು ಢೀ ಕೊಟ್ಟು ನಿಂತವು.

"ಏನ್ರೀ ಇದು, ಗುದ್ದೋಕೆ ಬರ್ತಿದೀರಾ?" ಎಂದು ಅವಳು ಹಿಂದೆ ಸರಿದಳು.

"ಇಲ್ಲ ಕಣೇ, ಕೈ ಮುಗೀತಿದೀನಿ!"

ಬಾಗಿಲವರೆಗೆ ಹೋಗಿದ್ದ ಟೀಚರ್ ತಿರುಗಿ ನಿಂತರು.

"ನಂಗೇನೂ ಕಾಣ್ತಿಲ್ಲಮ್ಮ. ಆದ್ರೆ ಅವರು ಅದನ್ನೂ ಬಿಗಿಯಾಗೇ ಮುಗೀತಿರ್ಬೇಕು!"